ಹಗ್ಗ ಕಟ್ಟಿ ಮರ ಹತ್ತುವ ಕೆಲಸ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಎಲ್ಲಿಂದ ಶುರು ಮಾಡಬೇಕು

ಮುಂಗಾರಿಗೆ ಮುಂಚಿನ ಗಾಳಿಮಳೆ ಬೀಸಿ ಊರಲ್ಲಿ ನಾಲ್ಕು ಟೊಂಗೆ ಮುರಿದು ಬಿದ್ದ ವಾರವೇ ಈ ಪ್ರಶ್ನೆಗಳು ಬರುತ್ತವೆ. ಮರ ಹತ್ತಲು ನನಗೆ ಭಯವಿಲ್ಲ, ಈ ಕೆಲಸಕ್ಕೆ ಇಳಿಯಬಹುದೇ? ಹಗ್ಗ, ಬೆಲ್ಟು ಯಾವುದು ತಗೋಬೇಕು? ಸರ್ಟಿಫಿಕೇಟ್ ಬೇಕೇ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವೂ ಒಂದೇ ಕಡೆ ಇರಲಿ ಎಂದು ಈ ಬರಹ.

ಮೊದಲ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇವೆ. ಭಯವಿಲ್ಲ ಅನ್ನುವುದು ಇಲ್ಲಿ ಅರ್ಹತೆ ಅಲ್ಲ. ಬರಿಗೈಯಲ್ಲಿ ಹತ್ತಿ ರೂಢಿಯಾದವರಿಗೆ ಹಗ್ಗದ ಮೇಲೆ ಪೂರ್ತಿ ಭಾರ ಬಿಟ್ಟು ಕೂರುವುದೇ ಕಷ್ಟ. ಒಂದು ಕೈ ಯಾವಾಗಲೂ ಟೊಂಗೆ ಹಿಡಿದೇ ಇರುತ್ತದೆ, ಗರಗಸಕ್ಕೆ ಉಳಿಯುವುದು ಒಂದೇ ಕೈ, ಮೈಯೆಲ್ಲ ಬಿಗಿ. ಮರವೇ ಹತ್ತದವರು ಹಗ್ಗವನ್ನು ಬೇಗ ನಂಬುತ್ತಾರೆ. ಆದ್ದರಿಂದ ನೀವು ಎಷ್ಟೇ ಚೆನ್ನಾಗಿ ಹತ್ತುವವರಾದರೂ ಕಲಿಕೆ ನೆಲದಿಂದಲೇ ಶುರು.

ಆರ್ಬರಿಸ್ಟ್ ಅಂದರೆ ಮರದ ಆರೋಗ್ಯ ನೋಡಿ ಯಾವುದನ್ನು ಸವರಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಿ ಕೆಲಸ ಮಾಡುವವರು. ಅವರಲ್ಲಿ ಹಗ್ಗದ ಮೇಲೆ ಮರದೊಳಗೇ ಕೆಲಸ ಮಾಡುವವರು ಕ್ಲೈಂಬರ್. ಮರ ಕಡಿಯುವ ಗುತ್ತಿಗೆ ಬೇರೆ, ಇದು ಬೇರೆ. ಇನ್ನೊಂದು ಮಾತು: ನಮ್ಮ ಕಡೆ ಅರವತ್ತು ಅಡಿ ಬೇವಿಗೂ "ಗಿಡ" ಅಂತಲೇ ಅನ್ನುತ್ತೇವೆ. "ಮನಿ ಹಿಂದ ಒಂದು ಗಿಡ ಐತಿ, ಸ್ವಲ್ಪ ಸವರಬೇಕು" ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ ದರ ಹೇಳಬೇಡಿ. ಹೋಗಿ ಕಣ್ಣಾರೆ ನೋಡಿ.

ಏನೇನು ಬೇಕು

ವಯಸ್ಸು 18 ತುಂಬಿರಬೇಕು. ಮೂರ್ಛೆ, ತಲೆಸುತ್ತು, ಹತೋಟಿಗೆ ಬಾರದ ಬಿಪಿ ಇದ್ದವರು ಮೇಲೆ ಹೋಗುವುದು ಬೇಡ. ಧನುರ್ವಾಯು ಚುಚ್ಚುಮದ್ದು ಮೊದಲೇ ಆಗಿರಲಿ. ಬಳ್ಳಾರಿ ಜಾಲಿಯ ಮುಳ್ಳು ಮೈಯೊಳಗೆ ಮುರಿದು ಉಳಿದರೆ ವಾರಗಟ್ಟಲೆ ಕೀವಾಗಿ ಕಾಡುತ್ತದೆ. ಕೂಲಿಯಿಲ್ಲದೆಯೋ ಕಡಿಮೆ ಕೂಲಿಗೋ ದುಡಿಯಬೇಕಾದ ಆರು ತಿಂಗಳಿಗೆ ಮನೆಯ ಲೆಕ್ಕ ಹಾಕಿಕೊಂಡಿರಬೇಕು. ಕಿಟ್ ಕೊನೆಗೆ ಬರಲಿ. ಮೊದಲ ದಿನವೇ ಕಿಟ್ ಕೊಂಡು ಮೂರನೇ ತಿಂಗಳಿಗೆ ಮಾರುವವರು ಬಹಳ.

1. ನೆಲದ ಕೆಲಸ, ಕನಿಷ್ಠ ಮೂರು ತಿಂಗಳು

ಮೇಲೆ ಹತ್ತಿದವರ ಜೀವ ಕೆಳಗೆ ನಿಂತವರ ಕೈಯಲ್ಲಿರುತ್ತದೆ. ಕೆಳಗಿನವರನ್ನು ಗ್ರೌಂಡ್‌ಮ್ಯಾನ್ ಅನ್ನುತ್ತಾರೆ. ಹಗ್ಗ ಸಿಕ್ಕಿಕೊಳ್ಳದಂತೆ ನೋಡುವುದು, ಕೇಳಿದ ಸಾಮಾನು ಕಟ್ಟಿ ಕಳಿಸುವುದು, ಟೊಂಗೆ ಬೀಳುವ ಜಾಗ ಖಾಲಿ ಇಡುವುದು, ಬಿದ್ದದ್ದನ್ನು ಎಳೆದು ಹಾಕುವುದು ಇವರ ಕೆಲಸ.

ಜಾಗ ಖಾಲಿ ಇಡುವುದೇ ಎಲ್ಲಕ್ಕಿಂತ ಕಷ್ಟ. ಬೇವು, ಹುಣಸೆ, ಜಾಲಿಯ ಸೊಪ್ಪು ನೆಲಕ್ಕೆ ಬಿದ್ದ ಐದು ನಿಮಿಷಕ್ಕೆ ಆಡು ಬರುತ್ತವೆ, ಆಡಿನ ಹಿಂದೆ ಆಡು ಕಾಯುವವರು, ಅವರ ಹಿಂದೆ ಕಟ್ಟಿಗೆ ಆರಿಸುವವರು, ಮಕ್ಕಳು. ಬರೀ ಹಗ್ಗ ಕಟ್ಟಿ "ಬರಬ್ಯಾಡ್ರಿ" ಅಂದರೆ ಯಾರೂ ನಿಲ್ಲುವುದಿಲ್ಲ. ಮೊದಲು ಬಿದ್ದ ಎರಡು ಟೊಂಗೆಯನ್ನು ನೂರು ಅಡಿ ಆಚೆ ಎಳೆದು ಹಾಕಿ, ಆಡೂ ಜನರೂ ಅಲ್ಲಿಗೇ ಹೋಗುತ್ತಾರೆ. ಸವರುವ ಕೆಲಸದಲ್ಲಿ ಟೊಂಗೆಗಳ ಹರವಿನಿಂದ ಇನ್ನೂ ಹತ್ತು ಹದಿನೈದು ಅಡಿ ಆಚೆಗೆ ಗೆರೆ ಹಾಕಿ. ಇಡೀ ಮರ ಉರುಳಿಸುವುದಾದರೆ ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಕೆಲಸದವರಲ್ಲದೆ ಯಾರೂ ಇರಬಾರದು.

ಮಾತಿನ ಶಿಸ್ತು ಈಗಲೇ ಕಲಿಯಿರಿ. ಮೇಲಿನವರು "ಕೆಳಗ ಖಾಲಿ ಐತೇನು?" ಎಂದು ಕೇಳಬೇಕು, ಕೆಳಗಿನವರು ಸುತ್ತ ನೋಡಿ "ಖಾಲಿ ಐತಿ" ಎಂದ ಮೇಲೆಯೇ ಗರಗಸ ಆಡಬೇಕು. "ಹ್ಞೂಂ" ನಡೆಯುವುದಿಲ್ಲ, ಗಾಳಿಯಲ್ಲಿ "ಹ್ಞೂಂ" ಮತ್ತು "ಉಹ್ಞೂಂ" ಒಂದೇ ಥರ ಕೇಳುತ್ತವೆ. ಹಾಗೆಯೇ "ಬಿಡು" ಮತ್ತು "ಬಿಡಬ್ಯಾಡ". ದೂರಕ್ಕೆ ಮೊದಲೆರಡು ಅಕ್ಷರ ಮಾತ್ರ ಮುಟ್ಟುತ್ತವೆ, ಹಿಡಿಯಬೇಕಾದ ಹಗ್ಗ ಬಿಟ್ಟುಹೋಗುತ್ತದೆ. "ಬಿಡು" ಎಂಬುದರ ಎದುರು ಪದ "ನಿಲ್ಲು" ಎಂದು ತಂಡದಲ್ಲಿ ಖಾಯಂ ಮಾಡಿಕೊಳ್ಳಿ.

ಕಟ್ಟಿಗೆಯ ತೂಕದ ಅಂದಾಜೂ ಇಲ್ಲೇ ಬರಬೇಕು. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ಭಾರ ಎಂದು ಹಿಡಿಯಿರಿ. 30 ಸೆಂ.ಮೀ. ದಪ್ಪದ, ಒಂದು ಮೀಟರ್ ಉದ್ದದ ತುಂಡು ಸುಮಾರು 70 ಕಿಲೋ. ದಪ್ಪ 60 ಸೆಂ.ಮೀ. ಆದರೆ ತೂಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 280 ಕಿಲೋ. ಹುಣಸೆಯಂಥ ಗಟ್ಟಿ ಮರಕ್ಕೆ ಇನ್ನೂ ಸ್ವಲ್ಪ ಸೇರಿಸಿ. ಈ ಲೆಕ್ಕ ತಲೆಯಲ್ಲಿಲ್ಲದವರೇ ಮನೆಯ ಶೀಟಿನ ಮೇಲೆ ತುಂಡು ಬೀಳಿಸುವುದು.

2. ಮರ ಓದುವುದು

ಹತ್ತುವ ಮೊದಲು ಮರದ ಸುತ್ತ ಎರಡು ಸುತ್ತು ಬನ್ನಿ. ಒಂದು ಸುತ್ತು ನೆಲ ನೋಡುತ್ತ, ಇನ್ನೊಂದು ಮೇಲೆ ನೋಡುತ್ತ.

ನೆಲದಲ್ಲಿ: ಬುಡದಲ್ಲಿ ಅಣಬೆ ಎದ್ದಿದೆಯೇ? ಇದ್ದರೆ ಬೇರು ಇಲ್ಲವೇ ಬೊಡ್ಡೆ ಒಳಗೆ ಕೊಳೆಯುತ್ತಿದೆ ಎಂದು ತಿಳಿಯಬೇಕು. ಮರ ಒಂದು ಕಡೆ ವಾಲಿ, ಎದುರು ಬದಿಯ ಮಣ್ಣು ಉಬ್ಬಿದೆಯೇ? ಬೇರು ಕಿತ್ತಿದೆ, ಹತ್ತಬೇಡಿ. ಎರೆ ಹೊಲದಲ್ಲಿ ಬೇಸಿಗೆಗೆ ನೆಲ ಬಾಯಿ ಬಿಡುವುದು ಸಹಜ, ಆದರೆ ಬೊಡ್ಡೆಯನ್ನು ಸುತ್ತಿದಂತೆ ಬಿಲ್ಲಿನಾಕಾರದ ಬಿರುಕು ಸಹಜವಲ್ಲ. ಊರ ನಡುವಿನ ಅರಳಿ, ಬೇವಿನ ಕಟ್ಟೆಗಳಲ್ಲಿ ಸಿಮೆಂಟು ಬೊಡ್ಡೆಗೇ ಮೆತ್ತಿರುತ್ತದೆ. ಒಳಗಿನ ಕೊಳೆತ ಕಾಣುವುದಿಲ್ಲ, ಮರದ ಸುತ್ತಿಗೆಯಿಂದ ಬಡಿದು ಸದ್ದು ಕೇಳಿ. ಟೊಳ್ಳಾಗಿದ್ದರೆ ಖಾಲಿ ಡಬ್ಬದ ಸದ್ದು ಬರುತ್ತದೆ.

ಮೇಲೆ: ಒಣಗಿದ ಟೊಂಗೆ, ಮುರಿದು ನೇತಾಡುವ ಟೊಂಗೆ, ಹೆಜ್ಜೇನಿನ ತಟ್ಟಿ, ಕರೆಂಟ್ ತಂತಿ, ಗೂಡುಗಳು. ಕವಲು ನೋಡಿ. ಎರಡು ಕೊಂಬೆ ಅಗಲವಾಗಿ ಬಿಲ್ಲಿನ ಹಾಗೆ ಕೂಡಿದ್ದರೆ ಗಟ್ಟಿ. ಇಕ್ಕಟ್ಟಾಗಿ ಕೂಡಿ ನಡುವೆ ತೊಗಟೆ ಒಳಸೇರಿಕೊಂಡಿದ್ದರೆ ಅಲ್ಲಿ ನಾರು ಬೆಸೆದಿರುವುದಿಲ್ಲ, ಗಾಳಿಗೆ ಸೀಳುವುದು ಅಲ್ಲಿಯೇ.

ಜಾತಿಗೊಂದು ಗುಣ. ಗುಲ್ಮೊಹರ್, ಹಳದಿ ಹೂವಿನ ಪೆಲ್ಟೊಫೋರಂ, ಆಕಾಶಮಲ್ಲಿಗೆ ಪೆಡಸು, ಹಸಿ ಟೊಂಗೆಯೂ ಹೇಳದೆ ಕೇಳದೆ ಮುರಿಯುತ್ತದೆ. ಮಳೆಮರದ ಅಡ್ಡ ಟೊಂಗೆ ಉದ್ದಕ್ಕೆ ಹೋದಷ್ಟೂ ಭಾರ ತುದಿಯಲ್ಲೇ. ಹುಣಸೆ ಬಲು ಗಟ್ಟಿ, ಆದರೆ ಹಳೆ ಸಾಲುಮರಗಳಲ್ಲಿ ಹೊಟ್ಟೆ ಟೊಳ್ಳು. ಆಲ, ಅರಳಿ, ಬಸರಿಯ ಹಾಲು ಕಣ್ಣಿಗೆ ಬೀಳಬಾರದು. ನುಗ್ಗೆ ಸುಲಭವಾಗಿ ಮುರಿಯುವುದು ಎಲ್ಲರಿಗೂ ಗೊತ್ತು. ಬಳ್ಳಾರಿ ಜಾಲಿ ನಮ್ಮೂರಿನ ಹೆಸರು ಹೊತ್ತಿದ್ದರೂ ಅಮೆರಿಕ ಖಂಡದಿಂದ ಬಂದದ್ದು. ಅದನ್ನು ಹತ್ತುವ ಪ್ರಶ್ನೆಯೇ ಇಲ್ಲ, ನೆಲದಲ್ಲೇ ನಿಂತು ಕಡಿಯಬೇಕು.

ಬೇವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಳೆಗಾಲದ ಕೊನೆಯಲ್ಲಿ ಬೇವಿನ ಟೊಂಗೆಗಳ ತುದಿ ಸುಟ್ಟ ಹಾಗೆ ಕಂದಾಗುತ್ತದೆ, ಜನ ಮರ ಸತ್ತಿತು ಎಂದು ಕಡಿಯಲು ಕರೆಯುತ್ತಾರೆ. ಇದಕ್ಕೆ ಫೋಮೊಪ್ಸಿಸ್ ಎಂಬ ಶಿಲೀಂಧ್ರವೂ, ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆಯೂ ಕಾರಣ. ಬೆರಳು ಗಾತ್ರದ ಟೊಂಗೆಯ ತೊಗಟೆ ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮರ ಬದುಕಿದೆ, ಸಾಮಾನ್ಯವಾಗಿ ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುತ್ತದೆ. "ಕಡಿಯಬ್ಯಾಡ್ರಿ, ಕಾಯ್ರಿ" ಎಂದು ಹೇಳಿ ಬರಿಗೈಯಲ್ಲಿ ವಾಪಸಾಗುವುದೂ ಈ ಕಸುಬಿನ ಭಾಗವೇ.

3. ಕಿಟ್

ಮೊದಲು ಬೇಡದ್ದು ಹೇಳುತ್ತೇವೆ. ಕಟ್ಟಡದ ಕೆಲಸಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬೆನ್ನಿಗೆ ಕೊಂಡಿ ಇರುವ ಬೆಲ್ಟ್ (ಭಾರತೀಯ ಮಾನದಂಡ ಐಎಸ್ 3521ರ ಗುರುತಿನದು) ಬಿದ್ದವರನ್ನು ತಡೆಯಲು ಮಾಡಿದ್ದು, ಕೂತು ಕೆಲಸ ಮಾಡಲು ಅಲ್ಲ. ಅದರಲ್ಲಿ ನೇತಾಡಿದರೆ ತೊಡೆಯ ರಕ್ತ ಓಡಾಟ ಕಟ್ಟುತ್ತದೆ. ಲಾರಿ ಹಗ್ಗ, ಬಾವಿ ಹಗ್ಗ, ಪ್ಲಾಸ್ಟಿಕ್ ಹಗ್ಗ ಯಾವುದೂ ಬೇಡ, ಉಜ್ಜಿದ ಬಿಸಿಗೆ ಕರಗುತ್ತವೆ. ಬಂಡೆ ಹತ್ತುವವರ ಡೈನಾಮಿಕ್ ಹಗ್ಗ ಒಳ್ಳೆಯದೇ, ಆದರೆ ರಬ್ಬರಿನಂತೆ ಹಿಗ್ಗುತ್ತದೆ. ಹಾಗಾಗಿ ಆನೆಗೊಂದಿ, ಸಣಾಪುರದ ಬಂಡೆಗಳಲ್ಲಿ ಪಳಗಿದವರೂ ಮರಕ್ಕೆ ಬೇರೆ ಹಗ್ಗವನ್ನೇ ತರಬೇಕು.

ಬೇಕಾದದ್ದು ಇಷ್ಟು:

- ಟ್ರೀ ಸ್ಯಾಡಲ್, ಅಂದರೆ ಕೂರುವ ಹಾರ್ನೆಸ್. ಇಎನ್ 813 ಮತ್ತು ಇಎನ್ 358 ಗುರುತು ಇರಲಿ (ಇಎನ್ ಅಂದರೆ ಯುರೋಪಿನ ಮಾನದಂಡ). ಮುಂದೆ ಸೊಂಟದ ಮಟ್ಟದಲ್ಲಿ ಜರುಗುವ ಸೇತುವೆ ಹಗ್ಗ ಇರುತ್ತದೆ.
- ಹತ್ತುವ ಹಗ್ಗ 45 ಮೀಟರ್, ದಪ್ಪ 11.5ರಿಂದ 13 ಮಿ.ಮೀ., ಹಿಗ್ಗು ಕಡಿಮೆ ಇರುವ ಇಎನ್ 1891ರ ಎ ವರ್ಗದ್ದು. ಹಗ್ಗ ಎರಡು ಎಳೆಯಾಗಿ ಬರುವ ಪದ್ಧತಿಯಲ್ಲಿ ಇದು ಸುಮಾರು 20 ಮೀಟರ್ ಎತ್ತರಕ್ಕೆ ಸಾಕು.
- ಗಂಟಿನ ಹಗ್ಗ 8ರಿಂದ 10 ಮಿ.ಮೀ., ಬಿಸಿ ತಡೆಯುವ ಅರಾಮಿಡ್ ನೂಲಿನದು.
- ಕ್ಯಾರಬಿನರ್, ಅಂದರೆ ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ, ಐದು. ಮೂರು ಹಂತದಲ್ಲಿ ತೆರೆದು ತಾನಾಗಿಯೇ ಲಾಕ್ ಆಗುವಂಥವು, ಕನಿಷ್ಠ 22 ಕಿಲೋನ್ಯೂಟನ್. ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕಿಲೋ ಭಾರ.
- ಲ್ಯಾನ್‌ಯಾರ್ಡ್, ಅಂದರೆ ಬೊಡ್ಡೆಗೆ ಸುತ್ತಿ ಸೊಂಟದ ಎರಡೂ ಬದಿಗೆ ಸಿಕ್ಕಿಸುವ ಮೂರ್ನಾಲ್ಕು ಮೀಟರ್ ಹಗ್ಗ.
- ಗದ್ದದ ಪಟ್ಟಿ ಇರುವ ಹೆಲ್ಮೆಟ್, ಕಣ್ಣಿನ ಕನ್ನಡಕ, ಗ್ಲೌಸ್, ಹಿಮ್ಮಡಿ ಇರುವ ಗಟ್ಟಿ ಬೂಟು.
- ಎಸೆಯುವ ದಾರ 50 ಮೀಟರ್, ಅದರ ತುದಿಗೆ 300–350 ಗ್ರಾಂನ ಚೀಲ.
- ಒರೆ ಇರುವ ಬಾಗಿದ ಕೈಗರಗಸ, ಅಲಗು 30–33 ಸೆಂ.ಮೀ.
- ಫ್ರಿಕ್ಷನ್ ಸೇವರ್, ಅಂದರೆ ಎರಡು ಉಂಗುರದ ಪಟ್ಟಿ. ಇದನ್ನು ಟೊಂಗೆಗೆ ಹಾಕಿ ಅದರೊಳಗೆ ಹಗ್ಗ ಓಡಿಸಿದರೆ ತೊಗಟೆಯೂ ಉಳಿಯುತ್ತದೆ, ಹಗ್ಗವೂ ಉಳಿಯುತ್ತದೆ.

ಬಹುಪಾಲು ಹೊರದೇಶದ ಮಾಲು. ಪೂರ್ತಿ ಸೆಟ್ ಲಕ್ಷ ರೂಪಾಯಿಯ ಆಸುಪಾಸಿಗೆ ಹೋಗುತ್ತದೆ. ಉಳಿತಾಯ ಮಾಡುವುದಿದ್ದರೆ ಬೂಟು, ಚೀಲದಲ್ಲಿ ಮಾಡಿ. ಹಗ್ಗ, ಸ್ಯಾಡಲ್, ಕ್ಯಾರಬಿನರ್ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಕಾಲಿಗೆ ಕಟ್ಟುವ ಮೊಳೆಯ ಕೊಕ್ಕೆ, ಅಂದರೆ ಸ್ಪೈಕ್, ಕಡಿಯಲೆಂದೇ ನಿಂತ ಮರಕ್ಕೆ ಮಾತ್ರ. ಉಳಿಯಬೇಕಾದ ಮರಕ್ಕೆ ಅದನ್ನು ಚುಚ್ಚಿದರೆ ಒಂದೊಂದು ತೂತೂ ರೋಗಕ್ಕೆ ಬಾಗಿಲು.

4. ಒಂದು ಗಂಟು, ಕಣ್ಣು ಮುಚ್ಚಿ ಬರುವ ತನಕ

ಕಲಿಯಲು ಹತ್ತಾರು ಗಂಟುಗಳಿವೆ. ಮೊದಲು ಬೇಕಾದವು ನಾಲ್ಕೇ: ಎಂಟಂಕೆ ಗಂಟು, ಬೋಲೈನ್, ಪ್ರುಸಿಕ್, ಬ್ಲೇಕ್ಸ್ ಹಿಚ್. ಕೊನೆಯದು ಹತ್ತುವ ಗಂಟು. ಭಾರ ಬಿದ್ದರೆ ಹಿಡಿಯುತ್ತದೆ, ಕೈಯಿಂದ ಒತ್ತಿದರೆ ಜಾರುತ್ತದೆ. ಕಟ್ಟುವ ಕ್ರಮ ಹೀಗೆ:

ಟೊಂಗೆಯ ಮೇಲಿನಿಂದ ಬಂದ ಹಗ್ಗದ ಒಂದು ಎಳೆ ನಿಮ್ಮ ಸ್ಯಾಡಲ್‌ಗೆ ಕಟ್ಟಿದೆ. ಕಟ್ಟಿದ ಮೇಲೆ ನಾಲ್ಕೈದು ಅಡಿ ಬಾಲ ಉಳಿಸಿಕೊಳ್ಳಿ. ಇನ್ನೊಂದು ಎಳೆ ಪಕ್ಕದಲ್ಲಿ ನೆಲದ ತನಕ ನೇತಾಡುತ್ತಿದೆ. ಆ ಎಳೆಗೆ ಹೆಬ್ಬೆರಳನ್ನು ಒತ್ತಿ ಹಿಡಿಯಿರಿ. ಬಾಲವನ್ನು ಎಳೆ ಮತ್ತು ಹೆಬ್ಬೆರಳು ಎರಡನ್ನೂ ಸೇರಿಸಿ ಎರಡು ಸುತ್ತು ಸುತ್ತಿ. ಮೇಲಕ್ಕೆ ಹೋಗುತ್ತ ಎಳೆಗೆ ಮಾತ್ರ ಇನ್ನೆರಡು ಸುತ್ತು. ಈಗ ನಾಲ್ಕು ಸುತ್ತು ಒಂದರ ಮೇಲೊಂದು ಕೂತಿವೆ. ಬಾಲವನ್ನು ಕೆಳಗೆ ತಂದು, ಸ್ಯಾಡಲ್‌ನಿಂದ ಗಂಟಿಗೆ ಬರುವ ಭಾಗದ ಮುಂದಿನಿಂದ ಹಾಯಿಸಿ, ನೇತಾಡುವ ಎಳೆಯ ಹಿಂದಿನಿಂದ ತನ್ನಿ. ಹೆಬ್ಬೆರಳು ತೆಗೆದು ಅದೇ ಸಂದಿಯಲ್ಲಿ, ಅಂದರೆ ಕೆಳಗಿನ ಎರಡು ಸುತ್ತಿನೊಳಗೆ ಬಾಲ ತೂರಿಸಿ ಹೊರಗೆಳೆಯಿರಿ. ಬಾಲದ ತುದಿಗೆ ಎಂಟಂಕೆ ಗಂಟು ಹಾಕಿ, ಇಲ್ಲದಿದ್ದರೆ ಬಾಲ ತೆವಳುತ್ತ ತೆವಳುತ್ತ ಒಳಗೆ ಹೋಗಿ ಗಂಟು ಬಿಚ್ಚಿಕೊಳ್ಳುತ್ತದೆ.

ಸುತ್ತುಗಳು ಸಾಲಾಗಿ ಕೂರದೆ ಒಂದನ್ನೊಂದು ಅಡ್ಡ ದಾಟಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಇದನ್ನು ಮನೆಯ ಕಿಟಕಿ ಸರಳಿಗೆ ಹಗ್ಗ ಕಟ್ಟಿಕೊಂಡು ದಿನಾ ಇಪ್ಪತ್ತು ಸಲ, ವಾರದ ಕೊನೆಗೆ ಕತ್ತಲಲ್ಲಿ, ಅದರ ಮುಂದಿನ ವಾರ ಗ್ಲೌಸ್ ಹಾಕಿಕೊಂಡು ಕಟ್ಟಿ. ಒಂದು ಎಚ್ಚರ: ಬ್ಲೇಕ್ಸ್ ಹಿಚ್ ಹಾಕಿ ಸರ್ರನೆ ಇಳಿದರೆ ಉಜ್ಜಿದ ಬಿಸಿಗೆ ಹಗ್ಗದ ಮೈ ಗಾಜಿನಂತೆ ಹೊಳೆಯುತ್ತದೆ. ಅಂಥ ಕಡೆ ನಾರು ಕರಗಿ ಗಟ್ಟಿಯಾಗಿದೆ ಎಂದರ್ಥ.

5. ಮೂರು ಅಡಿ, ಹತ್ತು ಅಡಿ, ಆಮೇಲೆ ಮರ

ಅಭ್ಯಾಸಕ್ಕೆ ತೋಟದ ಒಂಟಿ ಬೇವು ಒಳ್ಳೆಯದು: ಟೊಂಗೆ ಅಗಲ, ತಂತಿ ಇಲ್ಲ, ಜನರಿಲ್ಲ.

ಎಸೆಯುವ ದಾರವನ್ನು ಒಂದು ಬಕೆಟ್ಟಿನಲ್ಲಿ ಸುತ್ತಿಟ್ಟುಕೊಳ್ಳಿ, ನೆಲದ ಮೇಲೆ ಬಿಟ್ಟರೆ ಜಾಲಿ ಮುಳ್ಳಿಗೆ ಸಿಕ್ಕುತ್ತದೆ. ಚೀಲವನ್ನು ಕಾಲ ನಡುವೆ ತೂಗಿ ಎಸೆದು, ಬೇಕಾದ ಕವಲಿನ ಮೇಲೆ ಹಾಯಿಸಿ, ದಾರಕ್ಕೆ ಹಗ್ಗ ಕಟ್ಟಿ ಎಳೆದುಕೊಳ್ಳಿ. ಆಸರೆಯ ಟೊಂಗೆ ಹಸಿಯದು, ಬೊಡ್ಡೆಗೆ ಹತ್ತಿರದ್ದು, ಕನಿಷ್ಠ 10 ಸೆಂ.ಮೀ. ದಪ್ಪದ್ದು ಆಗಿರಬೇಕು. ಪೆಡಸು ಜಾತಿಯಾದರೆ ಇನ್ನೂ ದಪ್ಪ. ಹತ್ತುವ ಮುಂಚೆ ಇಬ್ಬರು ಸೇರಿ ಹಗ್ಗಕ್ಕೆ ಜೋತುಬಿದ್ದು ಕುಲುಕಿ ನೋಡಿ.

ಹಗ್ಗ ಹಾಕುವುದರಲ್ಲಿ ಎರಡು ಪದ್ಧತಿ. ಓಡುವ ಹಗ್ಗದ ಪದ್ಧತಿಯಲ್ಲಿ ಹಗ್ಗ ಟೊಂಗೆಯ ಮೇಲಿನಿಂದ ಹಾದು ಎರಡೂ ಎಳೆ ನಿಮ್ಮ ಹತ್ತಿರವೇ ಬರುತ್ತದೆ. ಟೊಂಗೆಗೆ ಬೀಳುವುದು ಹೆಚ್ಚುಕಡಿಮೆ ನಿಮ್ಮ ತೂಕವೇ. ನಿಂತ ಹಗ್ಗದ ಪದ್ಧತಿಯಲ್ಲಿ ಒಂದು ತುದಿಯನ್ನು ಬುಡಕ್ಕೆ ಬಿಗಿದು ಇನ್ನೊಂದನ್ನು ಹತ್ತುತ್ತಾರೆ. ಹತ್ತಲು ಸಲೀಸು, ಆದರೆ ಮೇಲಿನ ಟೊಂಗೆಗೆ ಬೀಳುವ ಭಾರ ಎರಡು ಪಟ್ಟು. ಕಲಿಯುವವರಿಗೆ ಓಡುವ ಹಗ್ಗವೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಮೊದಲ ವಾರ ಮೂರು ಅಡಿಗಿಂತ ಮೇಲೆ ಹೋಗಬೇಡಿ. ಕೂತುಕೊಳ್ಳಿ, ಎರಡೂ ಕೈ ಬಿಡಿ, ಹಿಂದಕ್ಕೆ ಒರಗಿ, ತಿರುಗಿ, ಇಳಿಯಿರಿ. ಕೈ ತಾನಾಗಿ ಟೊಂಗೆ ಹುಡುಕುವುದು ನಿಂತ ಮೇಲೆ ಹತ್ತು ಅಡಿ. ಮೇಲೆ ಹೋದ ಮೇಲೆ ಪಾಲಿಸಬೇಕಾದವು: ಆಸರೆಗಿಂತ ಮೇಲೆ ಹೋಗಬಾರದು. ಹಗ್ಗ ಸಡಿಲ ಬಿಡಬಾರದು. ಆಸರೆಯಿಂದ ಪಕ್ಕಕ್ಕೆ 45 ಡಿಗ್ರಿಗಿಂತ ಹೆಚ್ಚು ವಾಲಿದರೆ, ಕಾಲು ಜಾರಿದ ಕ್ಷಣ ಉಯ್ಯಾಲೆಯ ಹಾಗೆ ತೂಗಿ ಬೊಡ್ಡೆಗೆ ಬಡಿಯುತ್ತೀರಿ. ಹಗ್ಗದ ಕೆಳ ತುದಿಗೂ ಒಂದು ಗಂಟು ಇರಬೇಕು. ಹಗ್ಗ ನೆಲ ಮುಟ್ಟಿಲ್ಲ ಎಂಬುದು ಇಳಿಯುವಾಗ ಕಣ್ಣಿಗೆ ಬೀಳುವುದಿಲ್ಲ.

6. ಕೈಗರಗಸ ಮತ್ತು ಮೂರು ಕೊಯ್ತ

ಮಚ್ಚು, ಕೊಡಲಿ ಮೇಲೆ ಒಯ್ಯಬೇಡಿ. ಬೀಸುವ ಆಯುಧ ಹಗ್ಗದ ಹತ್ತಿರ ಇರಲೇಬಾರದು. ಗರಗಸವೂ ಅಷ್ಟೇ. ಬಿಗಿದು ನಿಂತ ಹಗ್ಗಕ್ಕೆ ಅದರ ಹಲ್ಲು ಒಂದು ಸಲ ತಾಗಿದರೂ ಸಾಕು, ಬಾಳೆದಿಂಡಿನ ಹಾಗೆ ಕೊಯ್ದುಹೋಗುತ್ತದೆ. ಅದಕ್ಕೇ ಕೊಯ್ಯುವ ಮೊದಲು ಲ್ಯಾನ್‌ಯಾರ್ಡ್ ಸುತ್ತಿಕೊಂಡು ಎರಡು ಆಸರೆ ಮಾಡಿಕೊಳ್ಳುವುದು.

ಕೈಗಿಂತ ದಪ್ಪದ ಟೊಂಗೆಯನ್ನು ಒಂದೇ ಕೊಯ್ತಕ್ಕೆ ತೆಗೆದರೆ ಅದು ಬೀಳುವಾಗ ಬೊಡ್ಡೆಯ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಬೀಳುತ್ತದೆ. ಆದ್ದರಿಂದ:

ಮೊದಲನೆಯದು, ಬೊಡ್ಡೆಯಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗ. ಗರಗಸ ಹಿಡಿದುಕೊಳ್ಳುವ ಮುಂಚೆ ನಿಲ್ಲಿಸಿ. ಎರಡನೆಯದು, ಅದಕ್ಕಿಂತ ಎರಡು ಬೆರಳು ಆಚೆ, ಮೇಲಿನಿಂದ ಕೆಳಕ್ಕೆ. ಟೊಂಗೆ ಮುರಿದು ಬೀಳುತ್ತದೆ, ಸುಲಿತ ಮೊದಲ ಕೊಯ್ತದ ಹತ್ತಿರ ನಿಲ್ಲುತ್ತದೆ. ಮೂರನೆಯದು, ಉಳಿದ ಮೋಟನ್ನು ತೆಗೆಯುವುದು. ಟೊಂಗೆಯ ಬುಡದಲ್ಲಿ ಸೀರೆ ನೆರಿಗೆಯಂತೆ ಸುಕ್ಕಾದ ಉಬ್ಬು ಕಾಣುತ್ತದೆ. ಆ ಉಬ್ಬು ಬೊಡ್ಡೆಗೆ ಸೇರಿದ್ದು, ಗಾಯ ಮುಚ್ಚುವ ಶಕ್ತಿ ಇರುವುದು ಅಲ್ಲಿಯೇ. ಅದರ ಹೊರಗೆ, ಅದಕ್ಕೆ ತಾಗದಂತೆ ಕೊಯ್ಯಿರಿ. ಬೊಡ್ಡೆಗೆ ಸಮ ಮಾಡಿ ಬೋಳಿಸಿದರೆ ಗಾಯ ದೊಡ್ಡದಾಗುತ್ತದೆ. ಮೊಳದುದ್ದ ಮೋಟು ಬಿಟ್ಟರೆ ಒಣಗಿ ಕೊಳೆತ ಒಳಗಿಳಿಯುತ್ತದೆ.

ಗಾಯಕ್ಕೆ ಡಾಂಬರು, ಪೇಂಟು ಬಳಿಯಬೇಡಿ. ಮರ ನಮ್ಮ ಚರ್ಮದ ಹಾಗೆ ಗಾಯ ಮಾಯಿಸುವುದಿಲ್ಲ, ಕೆಟ್ಟ ಭಾಗವನ್ನು ಒಳಗಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ. ಅಮೆರಿಕದ ಮರವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ಇದನ್ನು ವಿವರಿಸಿದ ಮೇಲೆ ಕಸುಬು ಬಲ್ಲವರು ಬಳಿಯುವುದನ್ನು ಬಿಟ್ಟಿದ್ದಾರೆ. ನಮ್ಮಲ್ಲಿ ಇನ್ನೂ ಮಾಲೀಕರೇ ಡಬ್ಬ ಹಿಡಿದು ನಿಂತಿರುತ್ತಾರೆ.

ಒಂದು ವರ್ಷಕ್ಕೆ ಹಸಿರಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು, ಮುದಿ ಮರಕ್ಕೆ ಇನ್ನೂ ಕಡಿಮೆ. "ಪೂರಾ ಬೋಳಿಸಿಬಿಡ್ರಿ, ಕಸ ಬೀಳಬಾರದು" ಎನ್ನುವವರಿಗೆ ಹೇಳಿ: ನಮ್ಮ ಬಿಸಿಲಿಗೆ ಬೋಳು ಬೊಡ್ಡೆಯ ತೊಗಟೆ ಸುಟ್ಟು ಬಿರಿಯುತ್ತದೆ, ಮೋಟುಗಳಿಂದ ಪೊರಕೆಯ ಹಾಗೆ ಏಳುವ ಚಿಗುರು ಮೇಲ್ಪದರಕ್ಕೆ ಮಾತ್ರ ಅಂಟಿರುತ್ತದೆ, ಮೂರ್ನಾಲ್ಕು ವರ್ಷಕ್ಕೆ ಅದೇ ಗಾಳಿಗೆ ಕಿತ್ತು ಅವರದೇ ಮನೆ ಮೇಲೆ ಬೀಳುತ್ತದೆ.

ಪವರ್ ಗರಗಸ, ಅಂದರೆ ಚೈನ್‌ಸಾ, ಕಲಿಯುವುದು ನೆಲದಲ್ಲಿ, ಬಿದ್ದ ಬಳ್ಳಾರಿ ಜಾಲಿಯ ಮೇಲೆ. ಮೇಲೆ ಒಯ್ಯುವುದು ವರ್ಷ ಕಳೆದ ಮೇಲೆ. ಬ್ಲೇಡಿನ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಯಂತ್ರ ಮುಖಕ್ಕೆ ಒದೆಯುತ್ತದೆ, ಒಂದು ಕೈಯಲ್ಲಿ ಹಿಡಿದವರಿಗೆ ಅದು ತಡೆಯಲಾಗುವುದಿಲ್ಲ. ರಸ್ತೆ ಬದಿಯ ಮರದಲ್ಲಿ ಬೋರ್ಡು ಹೊಡೆದ ಮೊಳೆಗಳು ತೊಗಟೆಯೊಳಗೆ ಮುಚ್ಚಿಹೋಗಿರುತ್ತವೆ. ಆಳೆತ್ತರದ ತನಕ ಹುಡುಕಿ ನೋಡಿಯೇ ಚೈನ್ ಇಡಿ.

7. ಕರೆಂಟ್, ಹೆಜ್ಜೇನು, ಬಿಸಿಲು

ತಂತಿಯಿಂದ ನಿಮ್ಮ ಮೈ, ಉಪಕರಣ, ಕೊಯ್ಯುವ ಟೊಂಗೆ ಮೂರೂ ಕನಿಷ್ಠ 10 ಅಡಿ ದೂರವಿರಬೇಕು. ಹಸಿ ಟೊಂಗೆಯಲ್ಲಿ ಕರೆಂಟ್ ಹರಿಯುತ್ತದೆ. ಅದಕ್ಕಿಂತ ಹತ್ತಿರವಿದ್ದರೆ ಜೆಸ್ಕಾಂ ಶಾಖಾ ಕಚೇರಿಯಿಂದ ಎಲ್‌ಸಿ ತೆಗೆದುಕೊಳ್ಳಿ. ಎಲ್‌ಸಿ, ಅಂದರೆ ಲೈನ್ ಕ್ಲಿಯರ್: ಲೈನ್ ಬಂದ್ ಮಾಡಿ, ಅರ್ತ್ ಕೊಟ್ಟು, ಕೆಲಸ ಮುಗಿಯುವ ತನಕ ಚಾಲೂ ಮಾಡುವುದಿಲ್ಲ ಎಂದು ಅವರ ಸಿಬ್ಬಂದಿಯ ಹೆಸರಲ್ಲಿ ದಾಖಲಾಗುವುದು. "ಈಗ ಕರೆಂಟ್ ಹೋಗೈತಿ, ಬ್ಯಾಗ ಮುಗಿಸಿಬಿಡ್ರಿ" ಎನ್ನುವುದು ಎಲ್‌ಸಿ ಅಲ್ಲ. ಪಂಪ್‌ಸೆಟ್ ಲೈನಿಗೆ ಯಾವ ಗಳಿಗೆಯಲ್ಲೂ ಕರೆಂಟ್ ಬರಬಹುದು. ಪಕ್ಕದ ಮನೆಯ ಜನರೇಟರ್ ತಪ್ಪು ಜೋಡಣೆಯಿಂದ ಸತ್ತ ತಂತಿಗೂ ಜೀವ ಕೊಡಬಹುದು. ತುರ್ತಿಗೆ ಸಹಾಯವಾಣಿ 1912.

ಹೆಜ್ಜೇನು ಕಂಡರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ, ಜೇನು ಬಿಡಿಸುವುದು ತಿಳಿದವರು ಬರಲಿ. ಯಂತ್ರದ ಸದ್ದಿಗೂ ಟೊಂಗೆ ಅಲುಗಿದ್ದಕ್ಕೂ ಏಳುತ್ತವೆ. ಹಗ್ಗದಲ್ಲಿ ನೇತಾಡುವವರಿಗೆ ಓಡಲು ಜಾಗವಿಲ್ಲ.

ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಹತ್ತಿ ಹನ್ನೊಂದಕ್ಕೆ ಇಳಿಯಿರಿ. ನಲವತ್ತು ದಾಟಿದ ಬಿಸಿಲಲ್ಲಿ ಹೆಲ್ಮೆಟ್, ಸ್ಯಾಡಲ್ ಹಾಕಿಕೊಂಡವರಿಗೆ ಮೊದಲು ಹೋಗುವುದು ಬುದ್ಧಿ, ಶಕ್ತಿ ಆಮೇಲೆ. ಗಂಟು ತಪ್ಪುವುದು ಆಗಲೇ. ಉಪ್ಪು ಹಾಕಿದ ಮಜ್ಜಿಗೆ ಗಂಟೆಗೊಮ್ಮೆ ಮೇಲೆ ಕಳಿಸಿ.

8. ಇಳಿಸುವುದು ಗೊತ್ತಿಲ್ಲದೆ ಹತ್ತಿಸಬಾರದು

ಮೇಲೆ ಪ್ರಜ್ಞೆ ತಪ್ಪಿ ಅಲುಗಾಡದೆ ಹಗ್ಗದಲ್ಲಿ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಕುತ್ತು. ಅಗ್ನಿಶಾಮಕದವರು ಬರುವ ತನಕ ಕಾಯಲಾಗದು. ಪ್ರತಿ ಕೆಲಸಕ್ಕೂ ಹತ್ತಲು ಬಲ್ಲವರು ಇಬ್ಬರಿರಬೇಕು, ಕೆಳಗಿನವರ ಬಳಿ ಎರಡನೇ ಕಿಟ್ ತಯಾರಿರಬೇಕು. ತಿಂಗಳಿಗೊಮ್ಮೆ ಮರಳು ತುಂಬಿದ ಚೀಲವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಅಭ್ಯಾಸ ಮಾಡಿ. 108ಕ್ಕೆ ಹೇಳಬೇಕಾದ ವಿಳಾಸವನ್ನು, ಹೊಲವಾದರೆ ಯಾವ ಊರಿನಿಂದ ಯಾವ ಕಾಲುವೆ ದಾರಿ ಎಂಬುದನ್ನು, ಕೆಲಸ ಶುರುವಾಗುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ.

9. ತರಬೇತಿ, ಪರವಾನಗಿ, ದುಡ್ಡು

ಈ ಮೂರು ಜಿಲ್ಲೆಗಳ ಮಟ್ಟಿಗೆ ದಾರಿಯನ್ನು ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕು. ಹಗ್ಗದ ಮೊದಲ ಪಾಠಕ್ಕೆ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಬಂಡೆ ಹತ್ತುವ ಶಿಬಿರ ಚೆನ್ನ. ಕಾರ್ಖಾನೆಗಳಲ್ಲಿ ಹಗ್ಗದ ಮೇಲೆ ಕೆಲಸ ಮಾಡುವವರಿಗೆ ಇರಾಟಾ ಎಂಬ ಅಂತಾರಾಷ್ಟ್ರೀಯ ಸಂಘದ ಸರ್ಟಿಫಿಕೇಟ್ ಇದೆ, ಅದರ ಮೊದಲ ಹಂತ ನಾಲ್ಕು ದಿನ ತರಬೇತಿ, ಒಂದು ದಿನ ಪರೀಕ್ಷೆ. ಹಗ್ಗದ ಶಿಸ್ತು, ರಕ್ಷಣೆ ಅದರಲ್ಲಿ ಗಟ್ಟಿಯಾಗಿ ಬರುತ್ತದೆ, ಮರ ಮಾತ್ರ ಬರುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರು ಮಾಡಿದ ತೆಂಗಿನ ಮರದ ಸ್ನೇಹಿತರು ಎಂಬ ತರಬೇತಿ ಯಂತ್ರದಿಂದ ತೆಂಗು ಹತ್ತುವುದಕ್ಕೆ. ತೆಂಗಿಗೆ ಟೊಂಗೆ ಇಲ್ಲ, ಆ ಕಲೆ ಮಳೆಮರಕ್ಕೆ ನಡೆಯದು. ಆದರೆ ಮೊದಲ ವರ್ಷ ಹೊಟ್ಟೆ ತುಂಬಿಸುತ್ತದೆ. ಮರದ ರೋಗ, ಸವರುವ ಪಾಠಕ್ಕೆ ಮುನಿರಾಬಾದಿನ ತೋಟಗಾರಿಕೆ ಕಾಲೇಜು, ರಾಯಚೂರು ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ. ಅಂತಾರಾಷ್ಟ್ರೀಯ ಮರಪಾಲನಾ ಸಂಸ್ಥೆ ಐಎಸ್‌ಎಯ ಆರ್ಬರಿಸ್ಟ್ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ವರ್ಷದ ಅನುಭವ ಕೇಳುತ್ತಾರೆ, ಆದ್ದರಿಂದ ಮೊದಲ ದಿನದಿಂದಲೇ ಕೆಲಸದ ಡೈರಿ ಬರೆಯಿರಿ.

ಪರವಾನಗಿ ವಿಷಯದಲ್ಲಿ ಜನ ಎಡವುವುದು ಒಂದೇ ಕಡೆ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ, ಅಂದರೆ ಇದಕ್ಕೆಂದು ನೇಮಿಸಿದ ಅರಣ್ಯ ಅಧಿಕಾರಿಯ ಅನುಮತಿ ಬೇಕು, ಟೊಂಗೆ ತರಿಯುವುದೂ ಕಾಯ್ದೆಯ "ಕಡಿಯುವುದು" ಎಂಬ ಅರ್ಥದೊಳಗೇ ಬರುತ್ತದೆ. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿ ಮರದ ಮಾಲೀಕರು ಹಾಕಬೇಕು, ನೀವು ಅನುಮತಿ ಪತ್ರದ ಪ್ರತಿ ಜೇಬಿನಲ್ಲಿ ಇಟ್ಟುಕೊಂಡೇ ಹತ್ತಬೇಕು. ರಸ್ತೆ ಬದಿಯ ಸಾಲುಮರ ಎದುರು ಮನೆಯವರದಲ್ಲ, ಅವರು ದುಡ್ಡು ಕೊಟ್ಟರೂ ಮುಟ್ಟಬೇಡಿ. ಗಂಧದ ಮರದ ನಿಯಮ ಬೇರೆಯೇ. ಬನ್ನಿ, ಅರಳಿಕಟ್ಟೆಯಂಥ ಪೂಜೆಯ ಮರವಾದರೆ ಕಾಗದದ ಜೊತೆ ಊರ ಹಿರಿಯರ ಒಪ್ಪಿಗೆಯೂ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿ ಸಮಯ ಬಹುತೇಕ ವರ್ಷ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮೂರು ಗಂಟೆಗೆ ಹೋದರೆ ಬೀಗ.

ದರ ಹೇಳುವಾಗ ಮರಕ್ಕಿಷ್ಟು ಎನ್ನಬೇಡಿ. ಎಷ್ಟು ಜನ, ಎಷ್ಟು ಗಂಟೆ, ಸೊಪ್ಪುಸದೆ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಎಷ್ಟು ಎಂದು ಲೆಕ್ಕ ಹಾಕಿ. "ಕಟ್ಟಿಗೆ ನೀವೇ ಒಯ್ರಿ, ದುಡ್ಡು ಕಡಿಮಿ ಮಾಡ್ರಿ" ಎಂಬ ಮಾತಿಗೆ ಒಪ್ಪುವ ಮುಂಚೆ ನೋಡಿ: ರಹದಾರಿ, ಅಂದರೆ ಅರಣ್ಯ ಇಲಾಖೆಯ ಸಾಗಣೆ ಪಾಸು ಬೇಕಾದ ಜಾತಿಯನ್ನು ಪಾಸಿಲ್ಲದೆ ಅಡ್ಡೆಗೆ ಒಯ್ದರೆ ಸಿಕ್ಕಿಬೀಳುವುದು ನೀವು, ಮಾಲೀಕರಲ್ಲ. ವಿಮೆಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಅದು ಆರಂಭಕ್ಕೆ ಮಾತ್ರ, ದುಡಿಮೆ ಶುರುವಾದ ಮೇಲೆ ಆಸ್ಪತ್ರೆ ಖರ್ಚಿನ ವಿಮೆಯೂ ಬೇಕು.

10. ಹಗ್ಗದ ಆರೈಕೆ

ಪ್ರತಿ ಬೆಳಿಗ್ಗೆ ಇಡೀ ಹಗ್ಗವನ್ನು ಬೆರಳ ನಡುವೆ ಹಾಯಿಸಿ. ಮೆತ್ತಗಾದ ಜಾಗ, ಗಟ್ಟಿಯಾದ ಜಾಗ, ಹೊಳಪು, ಎದ್ದ ನೂಲು ಕೈಗೆ ಸಿಕ್ಕರೆ ನಿಲ್ಲಿಸಿ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ನೂಲಿನೊಳಗೆ ಇಳಿದರೆ ಒಳಗಿಂದಲೇ ಅರೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅಲ್ಲಿ ಕೆಲಸ ಮಾಡಿದ ವಾರ ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಸೋಪಿನ ಪುಡಿ ಬೇಡ, ಬಿಸಿಲು ಬೇಡ, ಪವರ್ ಗರಗಸದ ಪೆಟ್ರೋಲ್ ಇರುವ ಚೀಲದಲ್ಲಿ ಇಡುವುದಂತೂ ಬೇಡವೇ ಬೇಡ.

ಕೊಂಡ ತಾರೀಕು ಹಗ್ಗದ ತುದಿಗೆ ಟೇಪಿನಲ್ಲಿ ಬರೆದಿರಲಿ. ತಯಾರಕರು ಹೇಳಿದ ಅವಧಿ ಮುಗಿದರೆ, ಗರಗಸ ತಾಗಿದರೆ, ಒಮ್ಮೆ ಜೋರಾಗಿ ಬಿದ್ದು ಜಗ್ಗಿದರೆ ಅದು ಹತ್ತುವ ಹಗ್ಗವಲ್ಲ. ಹಾಗೆಯೇ ಮೂಲೆಗಿಟ್ಟರೆ ಹೊಸಬರು ಯಾರಾದರೂ ಕಟ್ಟಿಕೊಂಡು ಹತ್ತುತ್ತಾರೆ. ಎರಡು ಮಾರಿಗೊಂದು ತುಂಡು ಮಾಡಿ ದನ ಕಟ್ಟುವವರಿಗೆ ಕೊಟ್ಟುಬಿಡಿ.